ಬ್ಲಾಕಿನ ಪ್ಲಗ್ ಬಿಚ್ಚಿದ ಮೇಲೆ ಬಂದ ಕೆಸರು

ಹೋದ ಚಳಿಗಾಲದಲ್ಲಿ ನನ್ನ ಟ್ರಕ್ಕಿನ ಹೀಟರ್ ಕೈಕೊಟ್ಟಿತು. ಪೂರ್ತಿ ಅಲ್ಲ. ಉಗುರುಬೆಚ್ಚಗಿನ ಗಾಳಿ ಬರುತ್ತಿತ್ತು, ಅಷ್ಟೇ. ಮಿಶಿಗನ್ನಿನ ಜನವರಿಯಲ್ಲಿ, ಹೊರಗೆ ಮೈನಸ್ 15 ಡಿಗ್ರಿ ಇರುವಾಗ, ಅಷ್ಟು ಗಾಳಿ ಯಾವುದಕ್ಕೂ ಸಾಲುವುದಿಲ್ಲ. ಕೆಲಸ ಮುಗಿಸಿ ಮನೆ ಸೇರುವಷ್ಟರಲ್ಲಿ ಕಾಲಿನ ಬೆರಳು ಮರಗಟ್ಟುತ್ತಿದ್ದವು. ಇಂಜಿನ್ ಮಾತ್ರ ಚೆನ್ನಾಗಿಯೇ ಓಡುತ್ತಿತ್ತು. ಹಾಗಾಗಿ ಹೀಟರಿನದೇ ಏನೋ ದೋಷ ಅಂದುಕೊಂಡು ಎರಡು ತಿಂಗಳು ತಳ್ಳಿದೆ.

ನಮ್ಮ ಕಡೆ ಗಾಡಿಯ ಹೀಟರ್ ಯಾರೂ ಮುಟ್ಟುವುದಿಲ್ಲ, ಅಲ್ವಾ? ಹಾಗಾಗಿ ಅದು ಏನು ಅಂತ ನನಗೆ ತಿಳಿದದ್ದೇ ಇಲ್ಲಿಗೆ ಬಂದ ಮೇಲೆ. ಡ್ಯಾಶ್‌ಬೋರ್ಡಿನ ಹಿಂದೆ ಇನ್ನೊಂದು ಪುಟಾಣಿ ರೇಡಿಯೇಟರ್ ಇರುತ್ತದೆ. ಇಂಜಿನ್ನಿನ ಬಿಸಿನೀರು ಅದರೊಳಗೂ ಹರಿಯುತ್ತದೆ. ಫ್ಯಾನ್ ಅದರ ಮೇಲೆ ಗಾಳಿ ಊದುತ್ತದೆ. ಗಾಳಿ ಬಿಸಿ ಇಲ್ಲ ಅಂದರೆ ಸಾಮಾನ್ಯವಾಗಿ ಎರಡು ಅರ್ಥ. ನೀರು ಸಾಕಷ್ಟು ಬಿಸಿ ಆಗುತ್ತಿಲ್ಲ, ಇಲ್ಲವೇ ಅಲ್ಲಿಗೆ ಹೋಗುತ್ತಿಲ್ಲ. ನನ್ನ ಗಾಡಿಯಲ್ಲಿ ಎರಡೂ ಆಗಿತ್ತು.

ಗಾಡಿಯ ಬಗ್ಗೆ ಒಂದು ಮಾತು. 1971ರ ಶೆವರ್ಲೆ ಸಿ10. ಅರ್ಧ ಟನ್ನಿನ ಪಿಕಪ್. ಆರು ಸಿಲಿಂಡರ್ ಸಾಲಾಗಿ ನಿಂತಿರುವ 250 ಕ್ಯೂಬಿಕ್ ಇಂಚಿನ ಇಂಜಿನ್, ಅಂದರೆ ನಮ್ಮ ಲೆಕ್ಕದಲ್ಲಿ 4.1 ಲೀಟರ್. ಡ್ರೈವರ್ ಬಾಗಿಲಿನ ಕಂಬದ ಮೇಲಿನ ನಂಬರ್ ಪಟ್ಟಿಯಲ್ಲಿ ಆರನೇ ಅಕ್ಷರ 'ಎಫ್'. ಅದು ಫ್ಲಿಂಟ್ ಕಾರ್ಖಾನೆಯ ಗುರುತು. ನಾನಿರುವ ಊರಿನಿಂದ ಫ್ಲಿಂಟ್‌ಗೆ ಒಂದು ಗಂಟೆ ದಾರಿ. ಐವತ್ತು ವರ್ಷ ದಾಟಿದರೂ ಹುಟ್ಟಿದ ಊರಿನ ಹತ್ತಿರವೇ ಓಡಾಡಿಕೊಂಡಿರುವ ಗಾಡಿ ಇದು. ಊರು ಬಿಟ್ಟು ಇಷ್ಟು ದೂರ ಬಂದ ನನಗೆ ಅದು ಯಾಕೋ ತುಂಬಾ ಹಿಡಿಸಿತು.

ಗಾಡಿಯ ಹುಚ್ಚು ಬಂದದ್ದು ಅಪ್ಪನಿಂದ. ಅಪ್ಪ ಮೂಡಿಗೆರೆ ಹತ್ತಿರದ ಒಂದು ಕಾಫಿ ತೋಟದಲ್ಲಿ ಜೀಪ್ ಡ್ರೈವರ್ ಆಗಿದ್ದರು. ಬೆಳಿಗ್ಗೆ ಎದ್ದವರು ಮುಖ ತೊಳೆಯುವ ಮುಂಚೆ ಬೋನೆಟ್ ಎತ್ತಿ ರೇಡಿಯೇಟರಿನ ನೀರು ನೋಡುತ್ತಿದ್ದರು. ನೀರು ಹಿಡಿದು ನಿಲ್ಲುವುದು ನನ್ನ ಕೆಲಸ. ಹಳ್ಳದ ನೀರನ್ನು ಹಳೇ ಪಂಚೆಯ ತುಂಡಿನಲ್ಲಿ ಸೋಸಿ ಚೆಂಬಿನಲ್ಲಿ ತರುತ್ತಿದ್ದೆ. ಒಂದು ಸಲ ಚಾರ್ಮಾಡಿ ಘಾಟಿ ಹತ್ತಿ ಬರುವಾಗ ಜೀಪ್ ಬಿಸಿಯಾಗಿ ಹೊಗೆ ಎದ್ದಿತು. ನನಗೆ ಒಂಬತ್ತೋ ಹತ್ತೋ ವರ್ಷ. ಹಿಂದೆ ಕೂತಿದ್ದ ಒಬ್ಬರು ಇಳಿದು ಮುಚ್ಚಳ ತೆಗೆಯಲು ಹೋದರು. ಅಪ್ಪ ಅವರ ರಟ್ಟೆ ಹಿಡಿದು ಎಳೆದದ್ದು ಈಗಲೂ ಕಣ್ಣ ಮುಂದಿದೆ. ಅಪ್ಪ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಆಮೇಲೆ ಮುಕ್ಕಾಲು ಗಂಟೆ ರಸ್ತೆ ಬದಿ ಕೂತೆವು. ರೇಡಿಯೇಟರ್ ಕೈಯಲ್ಲಿ ಮುಟ್ಟುವಷ್ಟು ಆರಿದ ಮೇಲೆ, ಒದ್ದೆ ಗೋಣಿಚೀಲ ಹಾಕಿ ಮುಚ್ಚಳ ತೆಗೆದು, ನಿಧಾನವಾಗಿ ನೀರು ಹಾಕಿದರು. ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ಸುರಿದರೆ ಬ್ಲಾಕ್, ಅಂದರೆ ಸಿಲಿಂಡರುಗಳಿರುವ ಇಂಜಿನ್ನಿನ ಮೈ, ಬಿರುಕು ಬಿಡಬಹುದು ಅಂತ ಅವರಿಗೆ ಯಾರೂ ಪಾಠ ಹೇಳಿರಲಿಲ್ಲ. ನೋಡಿ ಕಲಿತದ್ದು.

ಈ ಅಕ್ಟೋಬರಿನಲ್ಲಿ, ಹಿಮ ಬೀಳುವ ಮುಂಚೆ, ಕೆಲಸಕ್ಕೆ ಕೈ ಹಾಕಿದೆ.

ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಯಾವುದನ್ನಾದರೂ ಚೆಲ್ಲುವ ಮುಂಚೆ ಪರೀಕ್ಷೆ ಮಾಡುವುದು ಕೈಗೆ ಹತ್ತಿದ ಅಭ್ಯಾಸ. ತಣ್ಣಗಿದ್ದ ರೇಡಿಯೇಟರಿನಿಂದ ಒಂದಿಷ್ಟು ಕೂಲೆಂಟ್, ಅಂದರೆ ಹೆಪ್ಪುಗಟ್ಟದಂತೆ, ತುಕ್ಕು ಹಿಡಿಯದಂತೆ ನೀರಿಗೆ ಬೆರೆಸುವ ದ್ರಾವಣ, ಗಾಜಿನ ಲೋಟಕ್ಕೆ ತೆಗೆದೆ. ಹಸಿರು ಇರಬೇಕಿತ್ತು. ಹಾಲು ಹಾಕದ ಹಳೇ ಚಹಾದ ಬಣ್ಣ ಇತ್ತು. ಪಿಎಚ್ ಪಟ್ಟಿ ಅದ್ದಿದೆ. ಹೊಸ ಹಸಿರು ಕೂಲೆಂಟ್ ಚೆನ್ನಾಗಿ ಕ್ಷಾರೀಯವಾಗಿರುತ್ತದೆ. ನನ್ನದು 6 ತೋರಿಸಿತು, ಅಂದರೆ ಹುಳಿ. ಕೂಲೆಂಟಿನ ಮುಖ್ಯ ಭಾಗವಾದ ಎಥಿಲೀನ್ ಗ್ಲೈಕಾಲ್ ಹಳೆಯದಾಗುತ್ತಾ ಒಡೆದು ಆಮ್ಲ ಆಗುತ್ತದೆ. ಆ ಆಮ್ಲವನ್ನು ಹಿಡಿದಿಡಲು ಹಾಕಿರುವ ರಾಸಾಯನಿಕ ಖರ್ಚಾದ ಮೇಲೆ ಅದು ಲೋಹವನ್ನೇ ತಿನ್ನಲು ಶುರುಮಾಡುತ್ತದೆ. ಆಮೇಲೆ ರಿಫ್ರಾಕ್ಟೋಮೀಟರಿನಲ್ಲಿ ಒಂದು ಹನಿ ಇಟ್ಟು ನೋಡಿದೆ. ಲ್ಯಾಬಿನಲ್ಲಿ ಮೂತ್ರದ ಸಾಂದ್ರತೆ ನೋಡಲು ಬಳಸುವಂಥದೇ ಸಾಧನ, ಕೂಲೆಂಟಿಗೆ ಬೇರೆ ಅಳತೆ ಬರೆದದ್ದು ಸಿಗುತ್ತದೆ. ಮೈನಸ್ 30ರವರೆಗೂ ಹೆಪ್ಪುಗಟ್ಟುವುದಿಲ್ಲ ಅಂತ ತೋರಿಸಿತು.

ಇಲ್ಲೇ ತುಂಬಾ ಜನ ಮೋಸ ಹೋಗುತ್ತಾರೆ. ಹೆಪ್ಪುಗಟ್ಟುವ ಪರೀಕ್ಷೆಯಲ್ಲಿ ಪಾಸಾದರೆ ಕೂಲೆಂಟ್ ಚೆನ್ನಾಗಿದೆ ಅಂದುಕೊಳ್ಳುತ್ತಾರೆ. ಗ್ಲೈಕಾಲ್ ಬಹುಪಾಲು ಉಳಿದೇ ಇರುತ್ತದೆ. ಸಾಯುವುದು ತುಕ್ಕು ತಡೆಯುವ ಭಾಗ. ಹಳೇ ಹಸಿರು ಕೂಲೆಂಟನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನುವುದು ಅದಕ್ಕೇ.

ಡಿಪ್‌ಸ್ಟಿಕ್ ಎಳೆದು ಎಣ್ಣೆ ನೋಡಿದೆ. ಮಜ್ಜಿಗೆ ಹಾಗೆ ಬಿಳುಚಿರಲಿಲ್ಲ. ಸದ್ಯ, ಕೂಲೆಂಟ್ ಎಣ್ಣೆಗೆ ಸೇರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಸರಿ ಇದೆ ಅಂತ ಸಮಾಧಾನ ಆಯಿತು.

ರೇಡಿಯೇಟರಿನ ಕೆಳಗಿನ ನಲ್ಲಿ ತಿರುಗಿಸಿದೆ. ಮುಚ್ಚಳ ತೆಗೆದಿಟ್ಟಿದ್ದೆ, ಇಲ್ಲದಿದ್ದರೆ ಗಾಳಿ ಆಡದೆ ನೀರು ಗುಟುಕು ಗುಟುಕಾಗಿ ಬರುತ್ತದೆ. ಟ್ರೇಯಲ್ಲಿ ಬಿದ್ದದ್ದನ್ನು ಅಳೆದರೆ ಆರು ಲೀಟರ್ ಚಿಲ್ಲರೆ. ಈ ಗಾಡಿಯ ಹೊಟ್ಟೆಯಲ್ಲಿ ಹಿಡಿಯುವುದು ಸುಮಾರು 12 ಲೀಟರ್. ಉಳಿದರ್ಧ ಎಲ್ಲಿ?

ಉಳಿದರ್ಧ ಇಂಜಿನ್ ಬ್ಲಾಕಿನ ಒಳಗೆ. ಸಿಲಿಂಡರುಗಳ ಸುತ್ತ ಇರುವ ನೀರಿನ ಜಾಗದಲ್ಲಿ. ಅದು ರೇಡಿಯೇಟರಿನ ನಲ್ಲಿಯಿಂದ ಬರುವುದೇ ಇಲ್ಲ. ಅದಕ್ಕೆ ಬ್ಲಾಕಿನ ಬದಿಯಲ್ಲಿ, ಕೆಳಗೆ, ಬೇರೆಯೇ ಒಂದು ಪ್ಲಗ್ ಇದೆ. ಸಾಲು ಇಂಜಿನ್ನಿಗೆ ಒಂದು, ಎಂಟು ಸಿಲಿಂಡರ್ 'ವಿ' ಆಕಾರದಲ್ಲಿರುವ ವಿ8ಕ್ಕೆ ಎರಡೂ ಬದಿಗೆ ಒಂದೊಂದು. ನಾನು ಈ ಬರಹ ಬರೆಯಲು ಕೂತದ್ದೇ ಆ ಪ್ಲಗ್ಗಿನ ಸಲುವಾಗಿ. ಮೂರು ವರ್ಷದ ಹಿಂದೆ ಈ ಗಾಡಿ ಕೊಂಡಾಗ ಒಂದು ಗ್ಯಾರೇಜಿಗೆ ಕೊಟ್ಟು ಕೂಲೆಂಟ್ ಬದಲಿಸಿ ಅಂದಿದ್ದೆ. ಬದಲಿಸಿದ್ದೇವೆ ಅಂತ ದುಡ್ಡು ತೆಗೆದುಕೊಂಡರು. ಅವರು ಬದಲಿಸಿದ್ದು ಅರ್ಧ ಮಾತ್ರ. ಅದು ನನಗೆ ಈಗ ಗೊತ್ತು, ಯಾಕೆಂದರೆ ಆ ಪ್ಲಗ್ಗಿನ ಮೇಲೆ ದಶಕಗಳ ಎಣ್ಣೆ ಜಿಡ್ಡು ಅಲುಗದೆ ಕೂತಿತ್ತು. ಯಾವ ಸ್ಪ್ಯಾನರೂ ಅದನ್ನು ಮುಟ್ಟಿರಲಿಲ್ಲ.

ತಂತಿ ಬ್ರಷ್ಷಿನಿಂದ ಜಿಡ್ಡು ತೆಗೆದು, ತುಕ್ಕು ಬಿಡಿಸುವ ಎಣ್ಣೆ ಹೊಡೆದು ಒಂದು ರಾತ್ರಿ ಬಿಟ್ಟೆ. ಮಾರನೇ ದಿನವೂ ಬರಲಿಲ್ಲ. ಮತ್ತೆ ಹೊಡೆದೆ. ಪಕ್ಕದ ಮನೆಯ ಅಜ್ಜ ಟ್ರಕ್ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರು ಬಂದು ನೋಡಿ, ಮೊದಲು ಬಿಚ್ಚಬೇಡ, ಬಿಗಿ ಮಾಡು ಅಂದರು. ಕೂದಲೆಳೆಯಷ್ಟು ಬಿಗಿ ಮಾಡಿದರೆ ತುಕ್ಕಿನ ಹಿಡಿತ ಒಡೆಯುತ್ತದಂತೆ. ಆರು ಮೂಲೆಯ ಸಾಕೆಟ್ ಹಾಕಿ, ಉದ್ದ ಹಿಡಿಕೆ ಸಿಕ್ಕಿಸಿ ಬಲಕ್ಕೆ ಒತ್ತಿದೆ. ಟಕ್ ಅಂತ ಸದ್ದಾಯಿತು. ಪ್ಲಗ್ ಮುರಿಯಿತು ಅಂತ ಜೀವ ಬಾಯಿಗೆ ಬಂತು. ಮುರಿದಿರಲಿಲ್ಲ. ಎಡಕ್ಕೆ ತಿರುಗಿತು.

ಪ್ಲಗ್ ಪೂರ್ತಿ ಕೈಗೆ ಬಂತು. ನೀರು ಬರಲಿಲ್ಲ. ಒಂದು ಹನಿಯೂ ಇಲ್ಲ.

ಆರು ಲೀಟರ್ ಒಳಗಿದೆ, ತೂತು ತೆರೆದಿದೆ, ಏನೂ ಬರುತ್ತಿಲ್ಲ. ಅಜ್ಜ ಏನೂ ಹೇಳದೆ ಒಂದು ಗಟ್ಟಿ ತಂತಿ ಕೊಟ್ಟರು. ಕನ್ನಡಕ ಹಾಕಿಕೊಂಡು ಒಳಗೆ ಚುಚ್ಚಿದೆ. ಮೆತ್ತಗಿತ್ತು. ಗದ್ದೆಯ ಕೆಸರಿಗೆ ಕಡ್ಡಿ ಚುಚ್ಚಿದ ಹಾಗೆ. ತಿರುಗಿಸಿ ತಿರುಗಿಸಿ ಚುಚ್ಚಿದ ಮೇಲೆ ಮೊದಲು ಕೆಂಪು ಕೆಸರು ಉದುರಿತು. ಆಮೇಲೆ ಒಮ್ಮೆಲೇ ಕಂದು ನೀರು ನುಗ್ಗಿ ನನ್ನ ತೋಳು ಮೊಣಕೈವರೆಗೆ ತೋಯಿಸಿತು. ತುಕ್ಕು, ಸುಣ್ಣದ ಚೂರು, ಮರಳಿನಂಥ ಕಾಳು. ಸೋರಿಕೆ ನಿಲ್ಲಿಸಲು ಯಾರೋ ಯಾವತ್ತೋ ಹಾಕಿದ ಪುಡಿ ಕೂಡ ಇತ್ತು, ಹೊಳೆಯುವ ಚಕ್ಕೆಗಳಾಗಿ. ಆ ಪುಡಿಯ ಮೇಲೆ ನನಗೆ ನಿಜವಾಗಿಯೂ ಸಿಟ್ಟಿದೆ. ಅದಕ್ಕೆ ಸೋರುವ ತೂತು ಯಾವುದು, ಹೀಟರಿನ ಸಣ್ಣ ಕೊಳವೆ ಯಾವುದು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ಮುಚ್ಚುತ್ತದೆ. ನಡು ದಾರಿಯಲ್ಲಿ ಸಿಕ್ಕಿಕೊಂಡಾಗ ಮನೆ ಮುಟ್ಟಲು ಬಳಸಿದರೆ ಒಪ್ಪುತ್ತೇನೆ. ರಿಪೇರಿ ಅಂತ ಹಾಕಿ ಮರೆತುಬಿಡುವುದು ತಪ್ಪು.

ಬ್ಲಾಕಿನ ತಳದಲ್ಲಿ ಹೀಗೆ ಕೆಸರು ಕೂತರೆ ಸಿಲಿಂಡರಿನ ಕೆಳಭಾಗಕ್ಕೆ ನೀರು ತಾಗುವುದಿಲ್ಲ. ಬಿಸಿ ತೋರಿಸುವ ಗೇಜಿನಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಯಾಕೆಂದರೆ ಗೇಜಿನ ಕಡ್ಡಿ ಮೇಲೆ ಹೆಡ್ಡಿನ ಹತ್ತಿರದ ನೀರನ್ನು ಮಾತ್ರ ಮುಟ್ಟುತ್ತದೆ. ಕೆಳಗೆ ಕಬ್ಬಿಣ ಸುಡುತ್ತಿದ್ದರೂ ಅದಕ್ಕೆ ಸುದ್ದಿ ಇರುವುದಿಲ್ಲ.

ನೀರು ಸಾಕಷ್ಟು ಬಿಸಿಯಾಗುವವರೆಗೆ ಅದನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಬಾಗಿಲು ಥರ್ಮೋಸ್ಟಾಟ್. ಅದನ್ನು ತೆಗೆದಾಗ ಎರಡನೇ ಉತ್ತರ ಸಿಕ್ಕಿತು. ಅದರ ಮೇಲೆ 160 ಅಂತ ಅಚ್ಚಾಗಿತ್ತು. 160 ಫ್ಯಾರನ್‌ಹೀಟ್, ಅಂದರೆ 71 ಡಿಗ್ರಿಗೇ ತೆರೆದುಕೊಳ್ಳುವಂಥದು. ಈ ಇಂಜಿನ್ನಿಗೆ ಬೇಕಿರುವುದು 195, ಅಂದರೆ ಸುಮಾರು 90 ಡಿಗ್ರಿ. ಕಡಿಮೆ ಬಿಸಿಗೆ ತೆರೆಯುವುದನ್ನು ಹಾಕಿದರೆ ಇಂಜಿನ್ ತಂಪಾಗಿರುತ್ತದೆ ಅನ್ನುವ ನಂಬಿಕೆ ಇಲ್ಲೂ ಇದೆ, ನಮ್ಮಲ್ಲಂತೂ ಥರ್ಮೋಸ್ಟಾಟನ್ನೇ ಕಿತ್ತು ಎಸೆಯುವವರಿದ್ದಾರೆ. ಇಂಜಿನ್ ತಂಪಾಗಿದ್ದರೆ ಎಣ್ಣೆಯೊಳಗಿನ ತೇವ ಆವಿಯಾಗುವುದಿಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಸವೆತವೂ ಜಾಸ್ತಿ. ಹೊಸದನ್ನು ಹಾಕುವ ಮುಂಚೆ, ಅಡುಗೆಗೆ ಮತ್ತೆಂದೂ ಬಳಸದ ಒಂದು ಪಾತ್ರೆಯಲ್ಲಿ ನೀರು ಕಾಯಿಸಿ ಅದನ್ನು ದಾರದಲ್ಲಿ ಇಳಿಬಿಟ್ಟೆ. ಜೊತೆಗೆ ಥರ್ಮಾಮೀಟರ್. 89 ಡಿಗ್ರಿಯ ಆಸುಪಾಸಿನಲ್ಲಿ ಬಾಯಿ ಬಿಡತೊಡಗಿತು. ಒಳಗಿರುವುದು ಒಂದು ಗುಳಿಗೆ ಮೇಣ ಅಷ್ಟೇ. ಕರಗಿದಾಗ ಹಿಗ್ಗಿ ಬಾಗಿಲು ತಳ್ಳುತ್ತದೆ, ಆರಿದಾಗ ಸ್ಪ್ರಿಂಗ್ ಮುಚ್ಚುತ್ತದೆ. ವಿದ್ಯುತ್ ಇಲ್ಲ, ವೈರ್ ಇಲ್ಲ. ಎಷ್ಟು ಸಲ ನೋಡಿದರೂ ನನಗೆ ಸಂತೋಷ ಆಗುತ್ತದೆ.

ಅದನ್ನು ಕೂಡಲೇ ಕೂರಿಸಲಿಲ್ಲ. ತೊಳೆಯುವಾಗ ಥರ್ಮೋಸ್ಟಾಟ್ ಇರಬಾರದು. ತಣ್ಣೀರಿಗೆ ಅದು ಬಾಗಿಲು ತೆರೆಯುವುದಿಲ್ಲ, ನೀರು ಸುತ್ತುವುದೇ ಇಲ್ಲ.

ತೊಳೆದದ್ದು ಹಿಮ್ಮುಖವಾಗಿ. ರೇಡಿಯೇಟರಿನಲ್ಲಿ ನೀರು ಮೇಲಿನಿಂದ ಕೆಳಗೆ ಹರಿಯುತ್ತದಲ್ಲ, ಹಾಗಾಗಿ ಕಸ ಮೇಲುಗಡೆ ಕೊಳವೆಗಳ ಬಾಯಲ್ಲಿ ಸಿಕ್ಕಿರುತ್ತದೆ. ಕೆಳಗಿನಿಂದ ನೀರು ಬಿಟ್ಟರೆ ಬಂದ ದಾರಿಯಲ್ಲೇ ವಾಪಸ್ ಹೋಗುತ್ತದೆ. ಹೀಟರಿನ ಎರಡು ಹೋಸ್ ಬಿಚ್ಚಿ ಅದಕ್ಕೂ ಹಾಗೇ ಮಾಡಿದೆ. ಅಲ್ಲಿ ಮಾತ್ರ ನಲ್ಲಿಯನ್ನು ಪೂರ್ತಿ ತಿರುಗಿಸಬೇಡಿ. ಅದು ತೆಳು ಹಿತ್ತಾಳೆ, ಒಡೆದರೆ ಡ್ಯಾಶ್‌ಬೋರ್ಡಿನ ಕೆಳಗೆ ನೀರೋ ನೀರು. ಸಣ್ಣ ಧಾರೆಯಲ್ಲಿ ಹತ್ತು ನಿಮಿಷ ಬಿಟ್ಟೆ. ಮೊದಲು ಬೆರಳಷ್ಟು ದಪ್ಪ ಬರುತ್ತಿದ್ದ ನೀರು ಆಮೇಲೆ ಹೋಸಿನ ತುಂಬಾ ಬರತೊಡಗಿತು. ಆ ಹೊಳೆಯುವ ಚಕ್ಕೆಗಳು ಇಲ್ಲೂ ಬಂದವು. ಬ್ಲಾಕಿಗೆ ಮೂರು ಸಲ ನೀರು ತುಂಬಿಸಿ ಬಿಟ್ಟೆ, ಪ್ರತಿ ಸಲವೂ ತಂತಿ ಹಾಕಿ ಕೆದಕಿದೆ. ಆಮೇಲೆ ತೊಳೆಯುವ ದ್ರಾವಣ ಹಾಕಿ, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಇಂಜಿನ್ ಓಡಿಸಿ, ಪೂರ್ತಿ ಆರಲು ಬಿಟ್ಟು, ಮತ್ತೆ ಎಲ್ಲ ಖಾಲಿ ಮಾಡಿದೆ.

ಕೆಳಗಿನ ಹೋಸ್ ತೆಗೆದಾಗ ಇನ್ನೊಂದು ಕಂಡಿತು. ಅದರೊಳಗೆ ಸ್ಪ್ರಿಂಗಿನಂತೆ ಸುತ್ತಿದ ತಂತಿ ಇರುತ್ತದೆ. ಪಂಪ್ ಜೋರಾಗಿ ಎಳೆಯುವಾಗ ಹೋಸ್ ಚಪ್ಪಟೆ ಆಗದಿರಲಿ ಅಂತ. ನನ್ನದು ತುಕ್ಕು ತಿಂದು ಎರಡು ತುಂಡಾಗಿತ್ತು. ಹೆದ್ದಾರಿಯಲ್ಲಿ ಮಾತ್ರ ಬಿಸಿಯಾಗಿ, ಊರೊಳಗೆ ಸರಿ ಇರುವ ಗಾಡಿ ನಿಮ್ಮದಾಗಿದ್ದರೆ ಇದನ್ನು ಹಿಚುಕಿ ನೋಡಿ.

ಈಗ ನೀರಿನ ವಿಷಯ. ಕೊನೆಯ ಎರಡು ಸುತ್ತು ಡಿಸ್ಟಿಲ್ಡ್ ವಾಟರಿನಲ್ಲೇ ತೊಳೆದೆ. ನಲ್ಲಿ ನೀರಿನಲ್ಲಿ ಸುಣ್ಣ, ಕ್ಲೋರೈಡ್ ಎಲ್ಲ ಇರುತ್ತದೆ. ಬಯಲುಸೀಮೆಯ ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ತಳ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಅಪ್ಪನ ಜೀಪ್ ಹಳ್ಳದ ನೀರಿನಲ್ಲಿ ಅಷ್ಟು ವರ್ಷ ಬದುಕಿದ್ದು ಮಲೆನಾಡಿನ ಮಳೆನೀರು ಮೆದುವಾಗಿದ್ದದ್ದರಿಂದ ಅಂತ ನನಗನ್ನಿಸುತ್ತದೆ.

ನೀರು ಕಬ್ಬಿಣವನ್ನು ಹೇಗೆ ತಿನ್ನುತ್ತದೆ ಅನ್ನುವುದಕ್ಕೆ ಈ ಗಾಡಿ ಹುಟ್ಟಿದ ಊರಿಗಿಂತ ದೊಡ್ಡ ಸಾಕ್ಷಿ ಬೇಡ. 2014ರ ಏಪ್ರಿಲ್‌ನಲ್ಲಿ ಫ್ಲಿಂಟ್ ನಗರ ಡೆಟ್ರಾಯಿಟಿನ ನೀರು ಬಿಟ್ಟು ಫ್ಲಿಂಟ್ ನದಿಯ ನೀರನ್ನು ಮನೆಮನೆಗೆ ಹರಿಸಿತು. ಅದೇ ಅಕ್ಟೋಬರಿನಲ್ಲಿ ಅಲ್ಲಿನ ಜನರಲ್ ಮೋಟರ್ಸ್ ಇಂಜಿನ್ ಕಾರ್ಖಾನೆ ಆ ನೀರು ಬೇಡ ಅಂತ ಬಿಟ್ಟುಬಿಟ್ಟಿತು. ಕ್ಲೋರೈಡ್ ಜಾಸ್ತಿ ಇದ್ದು ಇಂಜಿನ್ ಭಾಗಗಳು ತುಕ್ಕು ಹಿಡಿಯುತ್ತಿದ್ದವು. ಜನರ ಮನೆಗೆ ಅದೇ ನದಿಯ ನೀರು 2015ರ ಅಕ್ಟೋಬರ್‌ವರೆಗೂ ಹರಿಯಿತು. ತುಕ್ಕು ತಡೆಯುವ ರಾಸಾಯನಿಕವನ್ನು ಸರಿಯಾಗಿ ಸೇರಿಸದೆ ಹಳೇ ಪೈಪುಗಳ ಸೀಸ ಮಕ್ಕಳು ಕುಡಿಯುವ ನೀರಿಗೆ ಇಳಿಯಿತು. ಇಂಜಿನ್ನಿನ ಕಬ್ಬಿಣಕ್ಕೆ ಆಗದ ನೀರು ಮಕ್ಕಳ ಹೊಟ್ಟೆಗೆ ಹೋಯಿತು. ಲ್ಯಾಬಿನವಳಾಗಿ ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ತುಂಬಿಸುವಾಗ ಒಂದು ಲೆಕ್ಕ ನೆನಪಿಡಿ. ಎಷ್ಟೇ ಖಾಲಿ ಮಾಡಿದರೂ ಮೂಲೆಯಲ್ಲಿ ಒಂದೆರಡು ಲೀಟರ್ ನೀರು ಉಳಿದಿರುತ್ತದೆ. ಅದರ ಮೇಲೆ ಅಂಗಡಿಯ ರೆಡಿ ಮಿಶ್ರಣ ಸುರಿದರೆ ನೀರು ಜಾಸ್ತಿಯಾಗುತ್ತದೆ. ಅದಕ್ಕೆ ಗಟ್ಟಿ ಕೂಲೆಂಟ್ ತನ್ನಿ. ಒಟ್ಟು 12 ಲೀಟರ್ ಆದರೆ ಮೊದಲು 6 ಲೀಟರ್ ಗಟ್ಟಿಯದು ಹಾಕಿ, ಉಳಿದದ್ದಕ್ಕೆ ಡಿಸ್ಟಿಲ್ಡ್ ವಾಟರ್. ಆಗ ಅರ್ಧಕ್ಕರ್ಧ ತಾನಾಗಿ ಸರಿಹೋಗುತ್ತದೆ. ಅರ್ಧಕ್ಕರ್ಧ ಮಿಶ್ರಣ ಮೈನಸ್ 37 ಡಿಗ್ರಿವರೆಗೆ ತಡೆಯುತ್ತದೆ. ಜಾಸ್ತಿ ಹಾಕಿದರೆ ಇನ್ನೂ ಒಳ್ಳೆಯದು ಅಂತ ಬರೀ ಗಟ್ಟಿಯದನ್ನೇ ಸುರಿಯಬೇಡಿ. ಬರೀ ಎಥಿಲೀನ್ ಗ್ಲೈಕಾಲ್ ಮೈನಸ್ 13ರ ಹತ್ತಿರವೇ ಹೆಪ್ಪುಗಟ್ಟುತ್ತದೆ! ಬಿಸಿ ಹೊತ್ತೊಯ್ಯುವ ಶಕ್ತಿಯೂ ನೀರಿಗೇ ಹೆಚ್ಚು. ನಾನು ಹಾಕಿದ್ದು ಹಳೇ ಕಾಲದ ಹಸಿರು ಕೂಲೆಂಟ್. ತಾಮ್ರ ಹಿತ್ತಾಳೆಯ, ಬೆಸುಗೆ ಹಾಕಿದ ರೇಡಿಯೇಟರಿಗೆ ಅದೇ ಸರಿ. ಆದರೆ ಬಣ್ಣ ನೋಡಿ ಕೊಳ್ಳಬೇಡಿ, ಬಣ್ಣಕ್ಕೆ ಯಾವ ನಿಯಮವೂ ಇಲ್ಲ. ಡಬ್ಬಿಯ ಹಿಂದೆ ಓದಿ.

ಪ್ಲಗ್, ಹೋಸ್, ಹೊಸ ಪ್ಯಾಕಿಂಗ್ ಎಲ್ಲ ತುಂಬಿಸುವ ಮುಂಚೆಯೇ ಕೂರಿಸಿದ್ದೆ. ಥರ್ಮೋಸ್ಟಾಟಿನ ಸ್ಪ್ರಿಂಗ್ ಇರುವ ಬದಿ ಇಂಜಿನ್ ಕಡೆಗೆ. ಮುಂದಿನ ಚಕ್ರಗಳು ಸ್ವಲ್ಪ ಎತ್ತರದಲ್ಲಿರುವಂತೆ ಗಾಡಿ ನಿಲ್ಲಿಸಿ, ಹೀಟರ್ ಪೂರ್ತಿ ಹಾಟ್‌ಗೆ ಇಟ್ಟು, ಮುಚ್ಚಳ ತೆಗೆದೇ ಇಂಜಿನ್ ಶುರುಮಾಡಿದೆ. ಮೇಲಿನ ಹೋಸ್ ಮೇಲೆ ಕೈ ಇಟ್ಟುಕೊಂಡು ನಿಂತೆ. ತಣ್ಣಗೆ, ತಣ್ಣಗೆ, ಆಮೇಲೆ ಒಂದೇ ಕ್ಷಣದಲ್ಲಿ ಬಿಸಿ. ಮೇಣ ಕರಗಿ ಬಾಗಿಲು ತೆರೆದಿತ್ತು. ಗುಳುಗುಳು ಅಂತ ಗಾಳಿಗುಳ್ಳೆ ಬಂದು ಮಟ್ಟ ಇಳಿಯಿತು. ಇನ್ನಷ್ಟು ಹಾಕಿ 15 ಪೌಂಡ್ ಒತ್ತಡ ತಡೆಯುವ ಹೊಸ ಮುಚ್ಚಳ ಬಿಗಿದೆ. ಒತ್ತಡ ಏರಿದರೆ ಕುದಿಯುವ ಬಿಂದುವೂ ಏರುತ್ತದೆ, ಆ ಮುಚ್ಚಳದಿಂದ ಮಿಶ್ರಣ 129 ಡಿಗ್ರಿಯವರೆಗೂ ಕುದಿಯುವುದಿಲ್ಲ. ಬಿಸಿ ಇರುವಾಗ ಮುಚ್ಚಳ ತೆಗೆದರೆ ಒತ್ತಡ ಇಳಿದು ಅದು ಒಮ್ಮೆಲೇ ಕುದಿದು ಚಿಮ್ಮುತ್ತದೆ. ಅಪ್ಪ ಆ ದಿನ ಯಾಕೆ ರಟ್ಟೆ ಹಿಡಿದು ಎಳೆದರು ಅನ್ನುವುದಕ್ಕೆ ಇಷ್ಟು ಸಾಕು.

ಹಳೇ ಕೂಲೆಂಟ್ ಒಂದು ಹನಿಯೂ ನೆಲಕ್ಕೆ ಬಿಡಲಿಲ್ಲ. ಅದು ಸಿಹಿ. ನಾಯಿ, ಬೆಕ್ಕು ನೆಕ್ಕುತ್ತವೆ, ಒಂದೆರಡು ಚಮಚ ಬೆಕ್ಕನ್ನು ಕೊಲ್ಲುತ್ತದೆ. ಮೈಯೊಳಗೆ ಹೋದ ಮೇಲೆ ಅದು ಆಕ್ಸಲೇಟ್ ಆಗಿ ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ. ಆ ಹರಳುಗಳನ್ನು ತರಬೇತಿಯ ದಿನಗಳಲ್ಲಿ ಮೈಕ್ರೋಸ್ಕೋಪಿನಡಿ ನೋಡಿದ್ದೇನೆ, ಮರೆಯಲು ಆಗುವುದಿಲ್ಲ. ಅಮೆರಿಕದ ತಯಾರಕರು 2012ರ ಕೊನೆಯಲ್ಲಿ ಕಹಿ ಸೇರಿಸಲು ಒಪ್ಪಿದರು. ಕಹಿಯನ್ನೂ ನೆಕ್ಕುವ ನಾಯಿಗಳಿರುತ್ತವೆ. ಮುಚ್ಚಳದ ಕ್ಯಾನುಗಳಲ್ಲಿ ತುಂಬಿ, ಮೇಲೆ ಹೆಸರು ಬರೆದು, ನಮ್ಮ ಕೌಂಟಿಯ ವಿಷ ತ್ಯಾಜ್ಯ ಸಂಗ್ರಹದ ದಿನ ಕೊಟ್ಟು ಬಂದೆ.

ಬ್ಲಾಕಿನಿಂದ ಬಂದ ಕೆಸರನ್ನು ಒಂದು ಗಾಜಿನ ಬಾಟಲಿಯಲ್ಲಿ ಹಿಡಿದಿಟ್ಟಿದ್ದೆ. ಭಾನುವಾರ ವಿಡಿಯೋ ಕರೆಯಲ್ಲಿ ಅಪ್ಪನಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು, ಫೋನನ್ನು ಮುಖದ ಹತ್ತಿರ ತಂದು ನೋಡಿದರು.

"ಇದು ಎಲ್ಲಿತ್ತು ಮಗಾ?"

ಬ್ಲಾಕಿನ ಬದಿಯ ಪ್ಲಗ್ ಬಗ್ಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ನಮ್ಮ ಜೀಪಿಗೂ ಇತ್ತು ಅದು. ಎಕ್ಸಾಸ್ಟ್ ಹಿಂದುಗಡೆ ಎಲ್ಲೋ. ಅಷ್ಟು ವರ್ಷದಲ್ಲಿ ಒಂದು ಸಲನೂ ಬಿಚ್ಚಲಿಲ್ಲ ನೋಡು."